ಹೆಡ್‌ಲೈಟ್ ಮಸೂರದ ಮರುಹೊಳಪು

ಹೆಡ್‌ಲೈಟ್ ಮಸೂರದ ಮರುಹೊಳಪು ಎಂದರೆ ಬಿಸಿಲು, ಧೂಳು ಮತ್ತು ಕಾಲದ ಪರಿಣಾಮದಿಂದ ಹಳದಿಗಟ್ಟಿ ಮಸುಕಾದ, ಮೋಟಾರು ವಾಹನದ ಮುಂದೀಪದ ಪ್ಲಾಸ್ಟಿಕ್ ಹೊರಹೊದಿಕೆಯನ್ನು ಉಜ್ಜಿ, ಮೆರುಗು ಕೊಟ್ಟು, ಮತ್ತೆ ರಕ್ಷಣಾ ಲೇಪವನ್ನು ಹಚ್ಚಿ ಪಾರದರ್ಶಕವನ್ನಾಗಿ ಮಾಡುವ ಕೆಲಸ. ಈ ಹೊದಿಕೆಯನ್ನು ಆಡುಮಾತಿನಲ್ಲಿ ಇಂದಿಗೂ ‘ಹೆಡ್‌ಲೈಟ್ ಗ್ಲಾಸು’ ಎಂದೇ ಕರೆಯುವುದುಂಟು. ಆದರೆ ಇಂದಿನ ಬಹುತೇಕ ಕಾರುಗಳಲ್ಲಿ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಮಸುಕಾದ ಮಸೂರವು ವಾಹನದ ಅಂದವನ್ನು ಕೆಡಿಸುವುದಷ್ಟೇ ಅಲ್ಲದೆ ರಾತ್ರಿಯ ದಾರಿಯನ್ನು ಕಿರಿದುಗೊಳಿಸುತ್ತದೆ ಮತ್ತು ಎದುರಿನಿಂದ ಬರುವವರ ಕಣ್ಣು ಕುಕ್ಕುತ್ತದೆ. ಆದ್ದರಿಂದ ಇದು ಅಲಂಕಾರಕ್ಕಿಂತ ಹೆಚ್ಚಾಗಿ ಸುರಕ್ಷತೆಗೆ ಸಂಬಂಧಿಸಿದ ವಿಷಯವಾಗಿದೆ.

ಹಿನ್ನೆಲೆ

ಮೋಟಾರು ವಾಹನಗಳ ಮುಂದೀಪಗಳಿಗೆ ದೀರ್ಘಕಾಲ ಗಾಜನ್ನೇ ಬಳಸಲಾಗುತ್ತಿತ್ತು. ಭಾರತದ ರಸ್ತೆಗಳಲ್ಲಿ ಹಲವು ದಶಕ ಓಡಾಡಿದ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ದುಂಡು ದೀಪಗಳು ಗಾಜಿನವು. ಗಾಜು ಒಡೆಯುತ್ತಿತ್ತು, ಆದರೆ ಬಿಸಿಲಿಗೆ ಹಳದಿಯಾಗುತ್ತಿರಲಿಲ್ಲ.

ಪಾಲಿಕಾರ್ಬೊನೇಟ್ ಅನ್ನು 1953ರಲ್ಲಿ ಜರ್ಮನಿಯ ಬಾಯರ್ ಸಂಸ್ಥೆಯ ಹರ್ಮನ್ ಶ್ನೆಲ್ ಹಾಗೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಡೇನಿಯಲ್ ಫಾಕ್ಸ್ ಅವರು ಪರಸ್ಪರ ಸಂಬಂಧವಿಲ್ಲದೆ ರೂಪಿಸಿದರು. ಅದರ ಸಾಂದ್ರತೆ ಗಾಜಿನ ಅರ್ಧಕ್ಕಿಂತ ಕಡಿಮೆ. ಹಾರಿಬಂದ ಕಲ್ಲಿನ ಪೆಟ್ಟಿಗೆ ಅದು ಸುಲಭವಾಗಿ ಒಡೆಯುವುದಿಲ್ಲ, ಅಚ್ಚಿನಲ್ಲಿ ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಅಮೆರಿಕದಲ್ಲಿ 1983ರಲ್ಲಿ ಇಂತಹ ದೀಪಗಳಿಗೆ ಅನುಮತಿ ದೊರೆತು, 1984ರ ಮಾದರಿಯ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 7 ಕಾರಿನಲ್ಲಿ ಅವು ಬಳಕೆಗೆ ಬಂದವು. ಯೂರೋಪಿನಲ್ಲಿ 1990ರ ದಶಕದಲ್ಲಿ ಪ್ಲಾಸ್ಟಿಕ್ ಮಸೂರಗಳು ಬಳಕೆಗೆ ಬಂದವು. ಭಾರತದ ಕಾರುಗಳೂ ಕ್ರಮೇಣ ಇದೇ ದಾರಿಯಲ್ಲಿ ಸಾಗಿದವು.

ಹಳೆಯ ಗಾಜಿನ ಮಸೂರದಲ್ಲಿ ಬೆಳಕನ್ನು ಹಂಚಲು ಉಬ್ಬುಗೆರೆಗಳಿರುತ್ತಿದ್ದವು. ಇಂದಿನ ದೀಪಗಳಲ್ಲಿ ಆ ಕೆಲಸವನ್ನು ಒಳಗಿನ ಪ್ರತಿಫಲಕ ಅಥವಾ ಪ್ರೊಜೆಕ್ಟರ್ ಮಾಡುತ್ತದೆ. ಹೊರಹೊದಿಕೆಯು ಬೆಳಕನ್ನು ನೇರವಾಗಿ ಹಾದುಹೋಗಲು ಬಿಡುವ ಕಿಟಕಿ ಮಾತ್ರ. ಮಸೂರ ಎಂಬ ಹೆಸರು ರೂಢಿಯಿಂದ ಉಳಿದುಬಂದಿದೆ.

ಮಸುಕಾಗಲು ಕಾರಣಗಳು

ಪಾಲಿಕಾರ್ಬೊನೇಟ್‌ಗೆ ಎರಡು ದೌರ್ಬಲ್ಯಗಳಿವೆ. ಮೊದಲನೆಯದಾಗಿ ಅದರ ಮೈ ಮೆದು, ಸುಲಭವಾಗಿ ಗೀರು ಬೀಳುತ್ತದೆ. ಎರಡನೆಯದಾಗಿ ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ. ಆಗ ಮೇಲ್ಪದರದ ಅಣುಸರಪಳಿಗಳು ತುಂಡಾಗಿ, ಗಾಳಿಯ ಆಮ್ಲಜನಕದೊಡನೆ ಸೇರಿ, ಹಳದಿ ಬಣ್ಣದ ಸಂಯುಕ್ತಗಳಾಗುತ್ತವೆ. ಇದನ್ನು ದ್ಯುತಿ-ಉತ್ಕರ್ಷಣ ಎನ್ನುವರು.

ಈ ಎರಡನ್ನೂ ತಡೆಯಲು ತಯಾರಕರು ಮಸೂರದ ಹೊರಮೈಗೆ ಆಕ್ರಿಲಿಕ್ ಅಥವಾ ಸಿಲಿಕೋನ್ ಜಾತಿಯ ಗಟ್ಟಿ ಲೇಪವನ್ನು ಕೊಡುತ್ತಾರೆ. ಅದರ ದಪ್ಪ ಕೆಲವು ಮೈಕ್ರೊಮೀಟರ್‌ಗಳಷ್ಟೇ. ಅಂದರೆ ತಲೆಗೂದಲಿನ ದಪ್ಪಕ್ಕಿಂತ ಬಹಳ ಕಡಿಮೆ. ಲೇಪದೊಳಗಿನ ಅತಿನೇರಳೆ ನಿರೋಧಕ ಅಂಶವು ವರ್ಷ ಕಳೆದಂತೆ ಕ್ಷೀಣಿಸುತ್ತದೆ. ಧೂಳು, ಮರಳು, ಒಣಬಟ್ಟೆಯಿಂದ ಒರೆಸುವ ಅಭ್ಯಾಸ ಮತ್ತು ತೀಕ್ಷ್ಣವಾದ ಸಾಬೂನು ಅದನ್ನು ಸವೆಸುತ್ತವೆ. ಲೇಪ ಬಿರುಕುಬಿಟ್ಟು ಹಪ್ಪಳಿಕೆಯಂತೆ ಎದ್ದ ಮೇಲೆ ಕೆಳಗಿನ ಪ್ಲಾಸ್ಟಿಕ್ ನೇರವಾಗಿ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ. ಆ ನಂತರ ಮಸುಕು ವೇಗವಾಗಿ ಹರಡುತ್ತದೆ. ಬಿಸಿಲು ನೇರವಾಗಿ ಬೀಳುವ ಮೇಲ್ಭಾಗ ಮೊದಲು ಹಳದಿಯಾಗುವುದನ್ನು, ಯಾವಾಗಲೂ ಒಂದೇ ದಿಕ್ಕಿಗೆ ನಿಲ್ಲಿಸುವ ಕಾರಿನಲ್ಲಿ ಒಂದು ಬದಿಯ ದೀಪ ಹೆಚ್ಚು ಕೆಡುವುದನ್ನು ಗಮನಿಸಬಹುದು.

ಬೆಳಕಿನ ನಷ್ಟ

ನುಣುಪಾದ ಮೈಯ ಮೂಲಕ ಬೆಳಕು ನೇರವಾಗಿ ಸಾಗುತ್ತದೆ. ಒರಟಾದ ಮೈಯಲ್ಲಿ ಅದು ನಾನಾ ದಿಕ್ಕಿಗೆ ಚದುರುತ್ತದೆ. ಹೀಗೆ ಚದುರಿದ ಬೆಳಕಿನ ಒಂದು ಪಾಲು ಮೇಲಕ್ಕೆ ಹೋಗಿ ಎದುರಿನ ಚಾಲಕನ ಕಣ್ಣಿಗೆ ಬೀಳುತ್ತದೆ. ಮಸುಕಾದ ದೀಪದ ವಾಹನದವನಿಗೆ ದಾರಿ ಕಾಣುವುದಿಲ್ಲ, ಎದುರಿನವನಿಗೂ ಕಣ್ಣು ಕತ್ತಲೆಗಟ್ಟುತ್ತದೆ.

ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಶನ್ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ತೀರಾ ಮಸುಕಾದ ಹೆಡ್‌ಲೈಟುಗಳು ಹೊಸ ದೀಪದ ಸುಮಾರು ಶೇಕಡ 20ರಷ್ಟು ಬೆಳಕನ್ನು ಮಾತ್ರ ಕೊಡುತ್ತವೆ. ಮರುಹೊಳಪು ಕೊಟ್ಟ ನಂತರ ಅದು ಸುಮಾರು ಶೇಕಡ 70ಕ್ಕೆ ಏರುತ್ತದೆ. ಕಂಪನಿಯ ಹೊಸ ದೀಪವನ್ನೇ ಜೋಡಿಸಿದರೆ ಮಾತ್ರ ಪೂರ್ಣ ಬೆಳಕು ಮರಳಿ ದೊರೆಯುತ್ತದೆ.

ಈ ಅಂಕಿಗಳ ಅರ್ಥವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಹೊಸ ದೀಪದಲ್ಲಿ 155 ಮೀಟರ್ ದೂರಕ್ಕೆ ದೊರೆಯುವ ಬೆಳಕು, ಶೇಕಡ 20ಕ್ಕೆ ಇಳಿದ ದೀಪದಲ್ಲಿ ಸುಮಾರು 69 ಮೀಟರ್ ದೂರಕ್ಕೆ ಮಾತ್ರ ದೊರೆಯುತ್ತದೆ. ಶೇಕಡ 70ರಷ್ಟು ಬೆಳಕಿದ್ದರೆ ಈ ದೂರ ಸುಮಾರು 130 ಮೀಟರ್. ಇನ್ನು ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಡ್ಡಿಯನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ 42 ಮೀಟರ್, ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಸುಮಾರು 55 ಮೀಟರ್, ಒಟ್ಟು 97 ಮೀಟರ್ ಬೇಕು. 80 ಕಿಲೋಮೀಟರ್ ವೇಗದಲ್ಲಿ ಒಟ್ಟು ಸುಮಾರು 69 ಮೀಟರ್ ಬೇಕು. ವಾಸ್ತವದಲ್ಲಿ ಟಯರು, ರಸ್ತೆ ಮತ್ತು ಚಾಲಕನ ವಯಸ್ಸಿಗೆ ತಕ್ಕಂತೆ ಈ ದೂರಗಳು ಬದಲಾಗುತ್ತವೆ. ಆದರೂ ಮಸುಕಾದ ದೀಪದಲ್ಲಿ 100 ಕಿಲೋಮೀಟರ್ ವೇಗದಿಂದ ಹೋಗುವವನು ಕಂಡ ಅಡ್ಡಿಗೆ ಮುನ್ನವೇ ನಿಲ್ಲಲಾರ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ರಾಮನಗರ ಸೀಮೆಯಲ್ಲಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ರಾಜ್ಯ ಸರ್ಕಾರವು ಇದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟಿತು. ಪ್ಲಾಸ್ಟಿಕ್ ಮಸೂರಗಳು ಬೇಗ ಕೆಡಲು ಬೇಕಾದ ಸಂದರ್ಭಗಳು ಈ ಸೀಮೆಯಲ್ಲಿ ಒಟ್ಟಾಗಿ ಕಾಣಸಿಗುತ್ತವೆ.

ಇವುಗಳಲ್ಲಿ ಮೊದಲನೆಯದು ಬಿಸಿಲು. ಜಿಲ್ಲೆಯು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ನಾಲ್ಕನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ, ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಅತಿನೇರಳೆ ಕಿರಣಗಳ ಪ್ರಮಾಣ ಬಹಳ ಹೆಚ್ಚು. ಎರಡನೆಯದು ಧೂಳು. ಬಂಡೆಗಳ ನಾಡಾದ ಇಲ್ಲಿ, ವಿಶೇಷವಾಗಿ ಕನಕಪುರದ ಕಡೆ, ಗ್ರಾನೈಟ್ ಕಲ್ಲಿನ ಗಣಿಗಾರಿಕೆ ನಡೆದುಬಂದಿದೆ. ಕಲ್ಲುಪುಡಿಯಲ್ಲಿರುವ ಸ್ಫಟಿಕದ ಕಣಗಳು ಪ್ಲಾಸ್ಟಿಕ್‌ಗಿಂತ ಬಹಳ ಗಟ್ಟಿ. ಅಂತಹ ಧೂಳು ಕುಳಿತ ದೀಪವನ್ನು ಒಣಬಟ್ಟೆಯಿಂದ ಒರೆಸುವುದು ಉಜ್ಜುಕಾಗದದಿಂದ ತಿಕ್ಕಿದಂತೆಯೇ ಸರಿ.

ಮೂರನೆಯದಾಗಿ ಈ ಸೀಮೆಯ ರಾತ್ರಿಯ ಓಡಾಟವನ್ನು ಹೇಳಬೇಕು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಉದ್ಘಾಟಿಸಲಾಯಿತು. ಅದು ಬಿಡದಿ, ರಾಮನಗರ ಮತ್ತು ಚನ್ನಪಟ್ಟಣಗಳ ಪಕ್ಕದಲ್ಲಿ ಹಾದುಹೋಗುತ್ತದೆ. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್ ಮುಂತಾದ ನಿಧಾನಗತಿಯ ವಾಹನಗಳಿಗೆ ಅದರ ಮುಖ್ಯಪಥದಲ್ಲಿ ಪ್ರವೇಶವಿಲ್ಲ. ಅವೆಲ್ಲ ಸರ್ವಿಸ್ ರಸ್ತೆಯಲ್ಲಿ ಸಾಗಬೇಕು. ಅಲ್ಲಿ ಪಾದಚಾರಿಗಳೂ ದನಕರುಗಳೂ ಇರುವುದರಿಂದ ಕಡಿಮೆ ವೇಗದಲ್ಲಿಯೂ ಒಳ್ಳೆಯ ಬೆಳಕು ಅಗತ್ಯ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಗೂಡು ತರುವ ರೈತರ ವಾಹನಗಳು ನಸುಕಿನಲ್ಲಿಯೇ ರಸ್ತೆಗಿಳಿಯುತ್ತವೆ. ಕಾವೇರಿ ವನ್ಯಧಾಮ ಮತ್ತು ಬನ್ನೇರುಘಟ್ಟದ ಕಾಡಿಗೆ ಹೊಂದಿಕೊಂಡ ಕನಕಪುರ ತಾಲ್ಲೂಕಿನಲ್ಲಿ ಹಾಗೂ ಚನ್ನಪಟ್ಟಣದ ಕಾಡಂಚಿನ ಊರುಗಳಲ್ಲಿ ಕಾಡಾನೆಗಳು ರಾತ್ರಿ ರಸ್ತೆ ದಾಟುವುದುಂಟು. ಆನೆಯ ಮೈ ಕಪ್ಪು, ಬೆಳಕನ್ನು ಹೆಚ್ಚು ಪ್ರತಿಫಲಿಸುವುದಿಲ್ಲ. ಮಸುಕು ದೀಪದಲ್ಲಿ ಅದು ತೀರ ಹತ್ತಿರಕ್ಕೆ ಬರುವವರೆಗೆ ಕಾಣದೆ ಹೋಗಬಹುದು.

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯ ಕಾರ್ಖಾನೆಯಿದ್ದು, 1999ರ ಡಿಸೆಂಬರ್‌ನಲ್ಲಿ ಅಲ್ಲಿ ಉತ್ಪಾದನೆ ಆರಂಭವಾಯಿತು. ಹೀಗೆ ಹೊಸ ಕಾರುಗಳು ಹುಟ್ಟುವ ಸೀಮೆಯಲ್ಲಿಯೇ ಹತ್ತು ಹದಿನೈದು ವರ್ಷ ದುಡಿದ ಹಳೆಯ ಕಾರುಗಳೂ ಓಡುತ್ತಿವೆ.

ಪರೀಕ್ಷೆ

ಎಲ್ಲ ಮಸುಕೂ ಹೊರಮೈಯದಲ್ಲ. ಕೆಲಸಕ್ಕೆ ತೊಡಗುವ ಮುನ್ನ ಮಸೂರವನ್ನು ತೊಳೆದು, ಒದ್ದೆ ಮಾಡಿ ನೋಡಬೇಕು. ನೀರು ಹಚ್ಚಿದಾಗ ಮಸುಕು ತಾತ್ಕಾಲಿಕವಾಗಿ ಕಡಿಮೆಯಾದರೆ ದೋಷ ಹೊರಮೈಯಲ್ಲಿದೆ, ಉಜ್ಜುವುದರಿಂದ ಸರಿಹೋಗುತ್ತದೆ. ನೀರು ಗೀರುಗಳ ತಗ್ಗನ್ನು ತುಂಬಿ ಬೆಳಕಿನ ಚದುರುವಿಕೆಯನ್ನು ತಗ್ಗಿಸುವುದೇ ಇದಕ್ಕೆ ಕಾರಣ. ಮಸುಕು ಹಾಗೆಯೇ ಉಳಿದರೆ ಒಳಮೈಯನ್ನು ಪರಿಶೀಲಿಸಬೇಕು. ಒಳಗೆ ನೀರಹನಿ ಅಥವಾ ತೇವ ಕಂಡರೆ ಅಂಚಿನ ಅಂಟು ಅಥವಾ ಹಿಂದಿನ ರಬ್ಬರ್ ಮುಚ್ಚಳ ಕೆಟ್ಟಿದೆ ಎಂದರ್ಥ. ಪ್ರತಿಫಲಕದ ಬೆಳ್ಳಿಬಣ್ಣ ಸುಟ್ಟುಹೋಗಿದ್ದರೆ, ಪ್ಲಾಸ್ಟಿಕ್‌ನ ಆಳದಲ್ಲಿ ಬಿರುಕಿನ ಬಲೆ ಇದ್ದರೆ, ಹೊರಮೈ ಉಜ್ಜಿ ಫಲವಿಲ್ಲ. ಅಂತಹ ದೀಪವನ್ನು ಬದಲಾಯಿಸಬೇಕು.

ಸಾಮಗ್ರಿಗಳು

ಸೌಮ್ಯ ಸಾಬೂನು ಮತ್ತು ನೀರು, ಕಾರಿನ ಬಣ್ಣವನ್ನು ಕಾಪಾಡಲು ಮಾಸ್ಕಿಂಗ್ ಟೇಪು, ಗ್ಯಾರೇಜುಗಳಲ್ಲಿ ‘ವಾಟರ್ ಪೇಪರ್’ ಎನ್ನುವ, ನೀರು ಹಾಕಿ ಉಜ್ಜುವ ಕಾಗದ, ಪ್ಲಾಸ್ಟಿಕ್‌ಗೆ ಹೊಂದುವ ರಬ್ಬಿಂಗ್ ಕಾಂಪೌಂಡು, ಮೈಕ್ರೊಫೈಬರ್ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಅತಿನೇರಳೆ ನಿರೋಧಕ ಲೇಪ, ಇವಿಷ್ಟು ಮುಖ್ಯವಾದವು.

ವಾಟರ್ ಪೇಪರಿನ ಹಿಂಬದಿಯ ಸಂಖ್ಯೆ ಹೆಚ್ಚಿದಂತೆ ಅದರ ಕಣ ಸಣ್ಣದಾಗುತ್ತದೆ. 400ರ ಕಾಗದದ ಕಣ ಸುಮಾರು 35 ಮೈಕ್ರೊಮೀಟರ್, 800ರದು ಸುಮಾರು 22, 2000ದ್ದು ಸುಮಾರು 10. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರವಾದರೋ 0.4ರಿಂದ 0.7 ಮೈಕ್ರೊಮೀಟರ್. ಆದ್ದರಿಂದ ಅತಿ ನಯವಾದ ಕಾಗದದಿಂದ ಉಜ್ಜಿದ ಮೇಲೂ ಮಸೂರ ಹಾಲಿನಂತೆ ಮಬ್ಬಾಗಿಯೇ ಕಾಣುತ್ತದೆ. ಆ ಉಳಿದ ಸೂಕ್ಷ್ಮ ಗೀರುಗಳನ್ನು ಕಾಂಪೌಂಡು ತೆಗೆಯುತ್ತದೆ.

ವಿಧಾನ

ಕೆಲಸವನ್ನು ನೆರಳಿನಲ್ಲಿ, ಧೂಳಿಲ್ಲದ ಕಡೆ, ದೀಪ ಆರಿಸಿ ತಣ್ಣಗಾದ ಮೇಲೆ ಮಾಡಬೇಕು.

1. ಮಸೂರವನ್ನು ಸಾಬೂನು ನೀರಿನಿಂದ ತೊಳೆದು ಕಲ್ಲುಪುಡಿ, ಹುಳಹುಪ್ಪಟೆಯ ಕಲೆಗಳನ್ನು ತೆಗೆಯಬೇಕು. ಬಳಿಕ ಸುತ್ತಲಿನ ಬಣ್ಣದ ಭಾಗಕ್ಕೆ ಎರಡು ಪದರ ಟೇಪು ಅಂಟಿಸಬೇಕು.

2. ಹಳೆಯ ಲೇಪ ಹಪ್ಪಳಿಕೆ ಎದ್ದಿದ್ದರೆ 600 ಅಥವಾ 800ರ ಕಾಗದದಿಂದ ಆರಂಭಿಸಬೇಕು. ತೀರ ಕೆಟ್ಟಿದ್ದರೆ ಮಾತ್ರ 400. ಸ್ವಲ್ಪ ಮಾತ್ರ ಮಸುಕಾಗಿದ್ದರೆ 1000 ಸಾಕು. ಕಾಗದವನ್ನು ನೀರಿನಲ್ಲಿ ನೆನೆಸಿ, ಮೈ ಒಣಗಲು ಬಿಡದೆ, ಹಗುರವಾದ ಸಮ ಒತ್ತಡದಿಂದ ಅಡ್ಡಡ್ಡಲಾಗಿ ಉಜ್ಜಬೇಕು. ಮೊದಲು ಇಳಿಯುವ ನೀರು ಹಳದಿಯಾಗಿರುತ್ತದೆ. ಅದು ಬಿಳಿಯಾದಾಗ ಹಾಳಾದ ಪದರ ಹೋಗಿದೆ ಎಂದು ತಿಳಿಯಬೇಕು. ಹಳೆಯ ಲೇಪದ ತುಣುಕು ಅಲ್ಲಲ್ಲಿ ಉಳಿದರೆ ನಂತರ ತೇಪೆಯಂತೆ ಕಾಣುತ್ತದೆ, ಆದ್ದರಿಂದ ಈ ಹಂತದಲ್ಲಿ ಅವಸರ ಸಲ್ಲದು.

3. ಮಸೂರವನ್ನು ತೊಳೆದು, ಕ್ರಮವಾಗಿ 1000, 1500, 2000, ಸಾಧ್ಯವಾದರೆ 3000ದ ಕಾಗದಗಳಿಂದ ಉಜ್ಜಬೇಕು. ಪ್ರತಿ ಹಂತದಲ್ಲೂ ಹಿಂದಿನದಕ್ಕೆ ಅಡ್ಡವಾದ ದಿಕ್ಕಿನಲ್ಲಿ ಉಜ್ಜಿದರೆ, ಹಿಂದಿನ ಗೀರುಗಳು ಪೂರ್ತಿ ಹೋದವೇ ಎಂಬುದು ತಿಳಿಯುತ್ತದೆ. ಒಂದು ಹಂತವನ್ನು ಹಾರಿಸಿದರೆ ಆ ಗೀರುಗಳು ಕೊನೆಯವರೆಗೂ ಉಳಿಯುತ್ತವೆ.

4. ಒಣಗಿಸಿ, ಕಾಂಪೌಂಡು ಹಚ್ಚಿ ಬಟ್ಟೆಯಿಂದ ಅಥವಾ ಪಾಲಿಶಿಂಗ್ ಯಂತ್ರದಿಂದ ಮೆರುಗು ಕೊಡಬೇಕು. ಯಂತ್ರವನ್ನು ಒಂದೇ ಕಡೆ ಹಿಡಿದರೆ ಘರ್ಷಣೆಯ ಶಾಖಕ್ಕೆ ಪ್ಲಾಸ್ಟಿಕ್ ಕೆಡುತ್ತದೆ. ಪಾಲಿಕಾರ್ಬೊನೇಟ್ ಸುಮಾರು 147 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ.

5. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಎಣ್ಣೆಯಂಶ ತೆಗೆದು, ರಕ್ಷಣಾ ಲೇಪವನ್ನು ತೆಳುವಾಗಿ ಹಚ್ಚಬೇಕು. ತಯಾರಕರು ಹೇಳಿದಷ್ಟು ಹೊತ್ತು ನೀರು, ಧೂಳು ತಾಗದಂತೆ ಒಣಗಲು ಬಿಡಬೇಕು. ಮಳೆಗಾಲದ ತೇವದ ಗಾಳಿಯಲ್ಲಿ ಕೆಲವು ಲೇಪಗಳು ಬೆಳ್ಳಗಾಗುವುದರಿಂದ ಒಣಹವೆಯ ದಿನವನ್ನು ಆರಿಸಿಕೊಳ್ಳುವುದು ಲೇಸು.

ರಕ್ಷಣಾ ಲೇಪದ ಮಹತ್ವ

ಐದನೆಯ ಹಂತವನ್ನು ಬಿಟ್ಟುಬಿಡುವುದು ಈ ಕೆಲಸದಲ್ಲಿ ಆಗುವ ಅತ್ಯಂತ ಸಾಮಾನ್ಯ ತಪ್ಪು. ಉಜ್ಜಿದಾಗ ಹಾಳಾದ ಭಾಗದೊಡನೆ ಅಳಿದುಳಿದ ಕಾರ್ಖಾನೆಯ ಲೇಪವೂ ಹೋಗುತ್ತದೆ. ಬರಿಮೈಯ ಪ್ಲಾಸ್ಟಿಕ್ ಅಂದಿಗೆ ಹೊಳೆದರೂ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಬೇಗ ಹಳದಿಯಾಗುತ್ತದೆ.

ಚನ್ನಪಟ್ಟಣದ ಅರಗಿನ ಗೊಂಬೆಗಳ ಕಸುಬಿನೊಡನೆ ಹೋಲಿಸಿದರೆ ಇದು ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಆಲೆ ಮರದ ತುಂಡನ್ನು ಚರಕಿ ಯಂತ್ರದಲ್ಲಿ ತಿರುಗಿಸಿ, ಆಕಾರ ಕೊಟ್ಟು, ನಯಗೊಳಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಕೇದಗೆ ಜಾತಿಯ ಗಿಡದ ಎಲೆಯಿಂದ ಒತ್ತಿ ಹೊಳಪು ತರುತ್ತಾರೆ. ಎರಡೂ ಕಡೆ ಕ್ರಮ ಒಂದೇ: ಮೊದಲು ಮೈಯನ್ನು ನಯಗೊಳಿಸುವುದು, ನಂತರ ಲೇಪದಿಂದ ಮುಚ್ಚುವುದು. ಮರವನ್ನು ಎಷ್ಟೇ ನಯಗೊಳಿಸಿದರೂ ಅರಗಿಲ್ಲದೆ ಗೊಂಬೆಯ ಕೆಲಸ ಮುಗಿಯದು. ಅದರಂತೆ ಮಸೂರದ ಕೆಲಸವೂ ಲೇಪವಿಲ್ಲದೆ ಮುಗಿಯದು.

ಲೇಪಗಳಲ್ಲಿ ಹಲವು ಬಗೆಗಳಿವೆ. ಮೇಣವು ಕೆಲವು ವಾರ ಮಾತ್ರ ನಿಲ್ಲುತ್ತದೆ. ಬಟ್ಟೆಯಿಂದ ಒರೆಸಿ ಹಚ್ಚುವ ಲೇಪಗಳು ಅದಕ್ಕಿಂತ ಹೆಚ್ಚು ಕಾಲ ಬಾಳುತ್ತವೆ. ಎರಡು ದ್ರವಗಳನ್ನು ಬೆರೆಸಿ ಸಿಂಪಡಿಸುವ ಕ್ಲಿಯರ್ ಕೋಟ್ ಹಾಗೂ ಅತಿನೇರಳೆ ದೀಪದಿಂದ ಗಟ್ಟಿಯಾಗಿಸುವ ಲೇಪಗಳು ಹೆಚ್ಚು ಬಾಳಿಕೆಯವು. ಪಾರದರ್ಶಕ ರಕ್ಷಣಾ ಹಾಳೆಯನ್ನು ಅಂಟಿಸುವುದೂ ಉಂಟು.

ತಪ್ಪು ಕ್ರಮಗಳು

ಟೂತ್‌ಪೇಸ್ಟಿನಲ್ಲಿ ಸೂಕ್ಷ್ಮ ಉಜ್ಜುಕಣಗಳಿರುವುದರಿಂದ ಅಲ್ಪ ಮಸುಕನ್ನು ತಾತ್ಕಾಲಿಕವಾಗಿ ತೆಗೆಯುತ್ತದೆ. ಆದರೆ ಲೇಪ ಕೊಡುವುದಿಲ್ಲ. ಸೊಳ್ಳೆ ನಿವಾರಕ ದ್ರವವನ್ನು ಹಚ್ಚುವ ಉಪಾಯವು ಹಾನಿಕರ. ಅದರಲ್ಲಿರುವ ಡೀಟ್ ಎಂಬ ರಾಸಾಯನಿಕವು ಪ್ಲಾಸ್ಟಿಕ್‌ನ ಮೇಲ್ಮೈಯನ್ನೇ ಕರಗಿಸಿ ಕ್ಷಣಿಕ ಹೊಳಪು ತಂದು, ನಂತರ ಬಿರುಕಿಗೆ ಎಡೆಮಾಡುತ್ತದೆ. ಥಿನ್ನರ್, ಪೆಟ್ರೋಲ್ ಮತ್ತು ಅಸಿಟೋನ್‌ಗಳೂ ಪಾಲಿಕಾರ್ಬೊನೇಟ್‌ಗೆ ಸಲ್ಲವು.

ಕಾಯಿಸಿದ ದ್ರಾವಕದ ಆವಿಯನ್ನು ಮಸೂರಕ್ಕೆ ಹಾಯಿಸುವ ವಿಧಾನವೂ ಬಳಕೆಯಲ್ಲಿದೆ. ಆವಿಯು ಮೇಲ್ಪದರವನ್ನು ಕರಗಿಸಿ ಸಮಗೊಳಿಸುತ್ತದೆ. ಇದಕ್ಕೆ ಬಳಸುವ ಡೈಕ್ಲೋರೊಮೀಥೇನ್‌ನಂತಹ ದ್ರಾವಕಗಳ ಆವಿ ವಿಷಕಾರಿ. ಉಸಿರಿನೊಡನೆ ಒಳಹೋದ ಡೈಕ್ಲೋರೊಮೀಥೇನ್ ದೇಹದಲ್ಲಿ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ತಕ್ಕ ರಕ್ಷಣೆಯಿಲ್ಲದೆ ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಮಾಡುವುದು ಪ್ರಾಣಕ್ಕೆ ಅಪಾಯ.

ಬೆಳಕು ಸಾಲದೆಂದು ಮಸೂರವನ್ನು ಹಾಗೆಯೇ ಬಿಟ್ಟು ಹೆಚ್ಚು ವ್ಯಾಟಿನ ಬಲ್ಬು ಹಾಕುವುದು ಇನ್ನೊಂದು ತಪ್ಪು. ಸಾಮಾನ್ಯವಾದ ಎಚ್4 ಹ್ಯಾಲೊಜನ್ ಬಲ್ಬು 60/55 ವ್ಯಾಟಿನದು. ಅದಕ್ಕಿಂತ ಹೆಚ್ಚಿನ ಬಲ್ಬಿನ ಶಾಖ ಪ್ರತಿಫಲಕವನ್ನೂ ವೈರನ್ನೂ ಕೆಡಿಸಬಹುದು. ಮಸುಕು ಮಸೂರದಲ್ಲಿ ಚದುರುವ ಬೆಳಕೂ ಹೆಚ್ಚಿ ಎದುರಿನವರಿಗೆ ತೊಂದರೆಯಾಗುತ್ತದೆ.

ಕಾನೂನು

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 105ನೆಯ ನಿಯಮದ ಪ್ರಕಾರ, ರಾತ್ರಿ ಹಾಗೂ ಬೆಳಕು ಸಾಲದ ವೇಳೆ ವಾಹನದ ದೀಪಗಳು ಮುಂದಿನ 155 ಮೀಟರ್ ದೂರದವರೆಗೆ ರಸ್ತೆಯಲ್ಲಿರುವ ವ್ಯಕ್ತಿಗಳನ್ನೂ ವಾಹನಗಳನ್ನೂ ಸ್ಪಷ್ಟವಾಗಿ ತೋರಿಸುವಂತಿರಬೇಕು. ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷಕ್ಕೆ ಊರ್ಜಿತ. ನಂತರ ವಾಹನದ ತಪಾಸಣೆಯಾಗಿ, ಐದೈದು ವರ್ಷಕ್ಕೆ ನವೀಕರಿಸಬೇಕು. ದೀಪಗಳ ಸ್ಥಿತಿಯೂ ಈ ತಪಾಸಣೆಗೆ ಒಳಪಡುತ್ತದೆ.

ಸುರಕ್ಷತೆ ಮತ್ತು ನಿರ್ವಹಣೆ

ಉಜ್ಜುವಾಗ ಕೈಗವಸು ಮತ್ತು ಕನ್ನಡಕ ಧರಿಸಬೇಕು. ಒಣಗಿದ ಪುಡಿಯನ್ನು ಉಸಿರಾಡಬಾರದು. ಎರಡು ದ್ರವ ಬೆರೆಸುವ ಕ್ಲಿಯರ್ ಕೋಟ್‌ನಲ್ಲಿ ಐಸೊಸಯನೇಟ್ ಇರುವುದರಿಂದ ಸಾಮಾನ್ಯ ಬಟ್ಟೆಯ ಮುಖಗವಸು ಸಾಲದು. ಅದನ್ನು ತಕ್ಕ ಉಸಿರುಗವಸು ಉಳ್ಳ ಪೇಂಟರುಗಳಿಗೆ ಬಿಡುವುದು ಕ್ಷೇಮ.

ಕೆಲಸ ಮುಗಿದ ಮೇಲೆ ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ಬೆಳಕಿನ ಆಕಾರವನ್ನು ನೋಡಬೇಕು. ಚಾಲಕರು ‘ಡಿಮ್’ ಎನ್ನುವ ಕೆಳಬೆಳಕಿಗೆ ಸ್ಪಷ್ಟವಾದ ಮೇಲಂಚು ಇರಬೇಕು. ಎಡಬದಿಯ ಸಂಚಾರವಿರುವ ಭಾರತದಲ್ಲಿ ಅದು ಎಡಕ್ಕೆ ತುಸು ಏರಿರುತ್ತದೆ. ಅಂಚು ಕದಡಿದಂತಿದ್ದರೆ ಮಸುಕು ಇನ್ನೂ ಉಳಿದಿದೆ ಎಂದರ್ಥ. ತೀರ ಮೇಲಿದ್ದರೆ ದೀಪದ ಎತ್ತರವನ್ನು ಸರಿಪಡಿಸಬೇಕು.

ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು, ಧೂಳನ್ನು ನೀರು ಹಾಕಿ ತೊಳೆದ ಮೇಲಷ್ಟೇ ಒರೆಸುವುದು ಮತ್ತು ರಕ್ಷಣಾ ಲೇಪವನ್ನು ಕಾಲಕಾಲಕ್ಕೆ ನವೀಕರಿಸುವುದು ಮಸೂರದ ಆಯುಷ್ಯವನ್ನು ಹೆಚ್ಚಿಸುತ್ತವೆ. ಪ್ರತಿ ಬಾರಿ ಉಜ್ಜಿದಾಗಲೂ ಪ್ಲಾಸ್ಟಿಕ್ ಸ್ವಲ್ಪ ತೆಳುವಾಗುವುದರಿಂದ ಇದನ್ನು ಪದೇ ಪದೇ ಮಾಡಲಾಗದು. ಮರುಹೊಳಪು ಕೊಟ್ಟರೂ ಬೆಳಕು ಸಾಲದೆ ಹೋದರೆ ದೀಪವನ್ನು ಬದಲಾಯಿಸುವುದೇ ಸರಿಯಾದ ಕ್ರಮ. ಅಲ್ಲಿಯವರೆಗೆ ರಾತ್ರಿಯ ವೇಗವನ್ನು ಕಾಣುವ ದೂರಕ್ಕೆ ತಕ್ಕಂತೆ ತಗ್ಗಿಸಬೇಕು.